ಬಸಳೆ ಕೊಟ್ಟು ಜಗಳವಾಡುವ ಊರಿನಲ್ಲಿ ಒಂದು ಗೋಡೆ

ಪಂಜದ ಹತ್ತಿರ ಮನೆ ಕೊಂಡು ಬಂದ ಮೊದಲ ವಾರ. ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದರೆ ನನ್ನ ಅಂಗಳದಲ್ಲಿ ಗುರುತು ಪರಿಚಯವಿಲ್ಲದ ಗಂಡಸೊಬ್ಬ ಹಲ್ಲುಜ್ಜುತ್ತ ನಿಂತಿದ್ದ. ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಲುಂಗಿ, ಹೆಗಲ ಮೇಲೆ ಇಲ್ಲಿಯವರು ಬೈರಾಸು ಎನ್ನುವ ಟವೆಲು. ನನ್ನ ಬಾಳೆಗಿಡವನ್ನು ವೈದ್ಯರು ರೋಗಿಯನ್ನು ನೋಡುವಂತೆ ಮೇಲಿಂದ ಕೆಳಗೆ ನೋಡುತ್ತಿದ್ದ. ನಾನು ಕಿರುಚಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಮಾತಾಡಿದ.

“ಟೀಚರ್ ಅಲ್ವಾ? ಈ ಬಾಳೆಗೆ ಒಂದು ಕೋಲು ಕೊಡ್ಬೇಕು. ಇಲ್ಲದಿದ್ರೆ ಗೊನೆ ಬರುವಾಗ ಮಗುಚಿ ಬೀಳ್ತದೆ.”

ಇಷ್ಟು ಹೇಳಿ ಬ್ರಶ್ಶನ್ನು ಮತ್ತೆ ಬಾಯಿಗಿಟ್ಟುಕೊಂಡು ಬೇಲಿ ದಾಟಿ ಹೋಗಿಯೇಬಿಟ್ಟ. ಗದಗ ಕಡೆಯ ನಮ್ಮ ರೋಣದಲ್ಲಾಗಿದ್ದರೆ ಆ ಮನುಷ್ಯನಿಗೆ ಮರುದಿನದಿಂದ ಉಜ್ಜಲು ಹಲ್ಲೇ ಉಳಿಯುತ್ತಿರಲಿಲ್ಲ. ಅದೇ ದಿನ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನನ್ನ ಅಡುಗೆಮನೆಯ ಕಿಟಕಿಯ ಪಕ್ಕದಿಂದಲೇ ಹಾದುಹೋದಳು. ಮಧ್ಯಾಹ್ನ ಡೇರಿಗೆ ಹಾಲು ಕೊಡಲು ಹೊರಟವರು ಬಂದರು. ಸಂಜೆ ಒಂದು ದನ ಬಂತು. ದನವೊಂದನ್ನು ಬಿಟ್ಟು ಎಲ್ಲರೂ “ಚಾ ಆಯ್ತಾ?” ಎಂದು ಕೇಳಿದರು. ಯಾರ ಮುಖದಲ್ಲೂ ಅಳುಕಿಲ್ಲ. ನಾನೇ ಅವರ ದಾರಿಯ ನಡುವೆ ಮನೆ ಮಾಡಿಕೊಂಡು ನಿಂತವಳು ಎನ್ನಿಸಿತು.

ನಾನು ಇಲ್ಲಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಯಜಮಾನರಿಗೆ ಗದಗದಲ್ಲಿ ಬಟ್ಟೆ ಅಂಗಡಿ; ಅದನ್ನು ಹೆಗಲ ಮೇಲೆ ಹೊತ್ತು ತರಲಾಗುವುದಿಲ್ಲವಾದ್ದರಿಂದ ಅವರು ಅಲ್ಲಿ, ನಾನು ಇಲ್ಲಿ. ನಮ್ಮ ಕಡೆಯಿಂದ ಈ ಕಡಬ, ಸುಳ್ಯದ ಶಾಲೆಗಳಿಗೆ ಬಂದ ಶಿಕ್ಷಕರು ಬಹಳ ಜನ. ಎಲ್ಲರೂ ಬಾಡಿಗೆ ಕೋಣೆಯಲ್ಲಿ ಇರುತ್ತಾರೆ, ಬ್ಯಾಗಿನ ಜಿಪ್ಪನ್ನು ಪೂರ್ತಿ ಬಿಚ್ಚುವುದಿಲ್ಲ, ವರ್ಗಾವಣೆಯ ಸುದ್ದಿ ಬಿಟ್ಟರೆ ಬೇರೆ ಮಾತಿಲ್ಲ. ಇಲ್ಲಿಯವರಿಗೂ ಅದು ಗೊತ್ತು. ಘಟ್ಟದ ಮೇಲಿನಿಂದ ಬಂದ ನಮಗೆಲ್ಲ ಅವರು ಇಟ್ಟ ಹೆಸರು ಘಟ್ಟದವರು. ಘಟ್ಟದ ಟೀಚರ್ ಎಂದರೆ ಈ ವರ್ಷ ಇದ್ದು ಮುಂದಿನ ವರ್ಷ ಇಲ್ಲದವಳು. ಹಾಗೆ ಅನ್ನಿಸಿಕೊಂಡು ಸಾಕಾಗಿ, ಸ್ವಲ್ಪ ಹಟದಿಂದಲೇ, ಒಂದು ಸಣ್ಣ ಹಂಚಿನ ಮನೆ ಮತ್ತು ಅದರ ಸುತ್ತಲಿನ ತುಂಡು ಜಾಗ ಕೊಂಡೆ.

ಕೊಂಡ ಮೇಲೆ ತಿಳಿಯಿತು, ಇಲ್ಲಿ ಮನೆ ಎಂದರೆ ಒಂಟಿ ಮನೆ. ರೋಣದಲ್ಲಿ ನಮ್ಮ ತವರುಮನೆಗೂ ಪಕ್ಕದ ಶಾಂತಕ್ಕನ ಮನೆಗೂ ನಡುವೆ ಒಂದೇ ಗೋಡೆ. ಅವಳು ಶೇಂಗಾ ಕುಟ್ಟಿದರೆ ನಮ್ಮ ಗೂಡಿನಲ್ಲಿಟ್ಟ ಲೋಟ ಅಲುಗುತ್ತಿತ್ತು. ಅವಳ ಗಂಡನ ಕೆಮ್ಮು ಕೇಳಿ ಹೊತ್ತು ಎಷ್ಟಾಯಿತೆಂದು ಹೇಳುತ್ತಿದ್ದೆವು. ಅಲ್ಲಿ ಗೋಡೆ ಎಂದರೆ ಆಚೆ ಯಾರೋ ಇದ್ದಾರೆ ಎಂದರ್ಥ. ಇಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ರಬ್ಬರು, ಏರು, ಇಳಿಜಾರು. ಕತ್ತಲಾದ ಮೇಲೆ ನಾನೂ ಜೀರುಂಡೆಗಳೂ. ಮೊದಲ ತಿಂಗಳು ಟಿವಿಯ ವಾರ್ತೆಯವಳಿಗೆ ಉತ್ತರ ಕೊಡುತ್ತಿದ್ದೆ, ಅವಳ ಸೀರೆಯ ಬಣ್ಣದ ಬಗ್ಗೆಯೂ ಅಭಿಪ್ರಾಯ ಹೇಳುತ್ತಿದ್ದೆ.

ಆ ಸ್ಥಿತಿಯಿಂದ ನನ್ನನ್ನು ಎತ್ತಿದವರು ಪೂವಕ್ಕ. ನನ್ನ ಅಂಗಳದಲ್ಲಿ ಹಲ್ಲುಜ್ಜಿದ್ದ ಚೆನ್ನಪ್ಪ ಗೌಡರ ಹೆಂಡತಿ. ಅವರ ತೋಟ ನನ್ನ ಜಾಗಕ್ಕಿಂತ ಎತ್ತರದಲ್ಲಿದೆ. ನಡುವೆ ಗೊಬ್ಬರದ ಗಿಡದ ಬೇಲಿ. ಬೇಲಿಯಲ್ಲೊಂದು ತಡಮೆ. ತಡಮೆ ಎಂದರೆ ಎರಡು ಗೂಟ ನೆಟ್ಟು ಅಡ್ಡ ಕೋಲು ಕಟ್ಟಿದ ಕಂಡಿ: ಮನುಷ್ಯರು ಕಾಲೆತ್ತಿ ದಾಟಬಹುದು, ದನಕ್ಕೆ ಆಗುವುದಿಲ್ಲ. ಪ್ರತಿಯೊಂದು ನಿಯಮಕ್ಕೂ ಅಪವಾದ ಇರುವಂತೆ ಒಂದು ದನ ಇತ್ತು, ಅದನ್ನು ಆಗಲೇ ಹೇಳಿದೆ.

ಶಾಲೆ ಬಿಟ್ಟು ನಾನು ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ಪೂವಕ್ಕ ತಡಮೆ ದಾಟಿ ಬರುತ್ತಿದ್ದರು. ಕೈಯಲ್ಲಿ ಏನಾದರೂ ಇದ್ದೇ ಇರುತ್ತಿತ್ತು, ಬಸಳೆಯ ಕಟ್ಟೋ, ತೊಂಡೆಕಾಯಿಯೋ. ಮನೆಯಲ್ಲಿ ಅರೆಭಾಷೆ, ಕೆಲಸದವರ ಜೊತೆ ತುಳು, ನನಗಾಗಿ ಕನ್ನಡ. ನಡುನಡುವೆ ಮರೆತು ಉಂಟು ಎನ್ನುವಲ್ಲಿ ಅರೆಭಾಷೆಯ ಉಟ್ಟು ಎನ್ನುತ್ತಿದ್ದರು. ನನ್ನ ಬಾಯಿಯಿಂದ ಐತಿ ಬಂದಾಗ ಅವರಿಗೆ ನಗು, ಅವರ ಉಟ್ಟು ಕೇಳಿ ನನಗೆ ನಗು.

“ನಿಮ್ಮಲ್ಲಿ ಮೂರು ಹೊತ್ತೂ ಆ ಒಣ ರೊಟ್ಟಿಯಾ? ಗಂಟಲಲ್ಲಿ ಸಿಕ್ಕಿಕೊಳ್ಳುದಿಲ್ವಾ?” ಎಂದು ಕೇಳಿದ ಪೂವಕ್ಕ ಮುಂದೆ ಕಟಕ ರೊಟ್ಟಿಯನ್ನು ಹಪ್ಪಳದಂತೆ ಮುರಿದು ಗಂಜಿಗೆ ನೆಂಚಿಕೊಳ್ಳಲು ಶುರುಮಾಡಿದರು. ಗೌಡರಂತೂ ಚಹಾದಲ್ಲಿ ಅದ್ದಿ ತಿಂದರು. ನಾನು ಕುಚ್ಚಲಕ್ಕಿಯ ದಪ್ಪ ಅನ್ನವನ್ನು ಸಿಡಿಮಿಡಿಗೊಳ್ಳದೆ ಉಣ್ಣಲು ಕಲಿತೆ, ಬಸಳೆಗೆ ಕಾಯಿ ಅರೆದು ಹಾಕಲು ಕಲಿತೆ. ಆ ಊರಿನಲ್ಲಿ ನನಗಿದ್ದ ಒಂದೇ ಒಂದು ಮನೆಯ ಮಾತು ಪೂವಕ್ಕನದು. ಅದು ಇಲ್ಲದಿದ್ದರೆ ನಾನು ಅಲ್ಲಿ ಒಂದು ವರ್ಷ ತಡೆಯುತ್ತಿರಲಿಲ್ಲ.

ಅಂಥದ್ದರಲ್ಲಿ ನಾನು ಗೋಡೆ ಕಟ್ಟಿಸಲು ಹೊರಟೆ.

ಯಜಮಾನರು ದಿನವೂ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದರು. “ಕಂಪೌಂಡ ಇಲ್ಲದ ಮನ್ಯಾಗ ಒಬ್ಬಾಕಿ ಹೆಂಗ ಇರ್ತಿ? ಮದ್ಲ ಗ್ವಾಡಿ ಕಟ್ಟಸು, ಆಮ್ಯಾಲ ಉಳದದ್ದು.” ನನಗೂ ಹಾಗೇ ಅನ್ನಿಸುತ್ತಿತ್ತು. ಗೋಡೆ ಎದ್ದರೆ ಇದು ನನ್ನ ಮನೆ, ನಾನು ಇಲ್ಲಿಯವಳು, ಬ್ಯಾಗು ಬಿಚ್ಚಿದ್ದೇನೆ ಎಂದು ಊರಿಗೆಲ್ಲ ತಿಳಿಯುತ್ತದೆ. ನಮ್ಮ ಕಡೆ ಯಾರಾದರೂ ಗೋಡೆ ಕಟ್ಟಿಸಿದರೆ ಪಕ್ಕದವರು ಬಂದು ಚಹಾ ಕುಡಿದು, ಕಲ್ಲು ಎಲ್ಲಿಯದು ಎಂದು ವಿಚಾರಿಸಿ, ಅದಕ್ಕೆ ಬೆನ್ನು ಕೊಟ್ಟು ಕುಳಿತುಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ನಾನು ಸಂತೋಷದಿಂದಲೇ ಹೋಗಿ ಗೌಡರಿಗೆ ಸುದ್ದಿ ಹೇಳಿದೆ.

ಗೌಡರು ಎಲೆಗೆ ಸುಣ್ಣ ಸವರುತ್ತಿದ್ದವರು ಕೈ ನಿಲ್ಲಿಸಿದರು. “ಕಟ್ಟಿ, ಕಟ್ಟಿ. ನಿಮ್ಮ ಜಾಗ,” ಎಂದರು. ಸುಣ್ಣದ ಬೆರಳನ್ನು ಬೈರಾಸಿಗೆ ಒರೆಸಿ, “ಆದ್ರೆ ಎಂತಕ್ಕೆ ಮಾರಾಯ್ರೆ? ನಾವು ಎಂತಾದ್ರೂ ತಪ್ಪು ಮಾಡಿದ್ದೇವಾ?” ಎಂದರು.

ಈ ಕಡೆ ಅಣ್ಣತಮ್ಮಂದಿರು ಪಾಲಾಗಿ, ಮಾತು ಬಿಟ್ಟು, ಕೋರ್ಟಿಗೆ ಹೋಗಿ ಬಂದ ಮೇಲೆ ನಡುವೆ ಏಳುವುದು ಗೋಡೆ. ಮಾತಿರುವವರ ಮಧ್ಯೆ ಬೇಲಿ ಸಾಕು. ನನಗೆ ಅದು ಆಗ ಗೊತ್ತಿರಲಿಲ್ಲ. ಅವರಿಗೆ ನನ್ನ ಜಾಗದ ಮೇಲೆ ಕಣ್ಣಿರಬೇಕು, ಅದಕ್ಕೇ ಮುಖ ಬಾಡಿತು ಎಂದುಕೊಂಡು ಬಂದೆ.

ಮರುದಿನದಿಂದ ಜಗಳ ಶುರುವಾಯಿತು. ಜಗಳ ಶುರುವಾಗಿದೆ ಎಂದು ನನಗೆ ತಿಳಿಯಲು ಮಾತ್ರ ಬಹಳ ದಿನ ಬೇಕಾಯಿತು. ನಮ್ಮಲ್ಲಿ ಜಗಳವೆಂದರೆ ಓಣಿಗೆಲ್ಲ ಕೇಳಬೇಕು. ಸಿಟ್ಟು ಬಂದವರು ಹೊರಗೆ ಬಂದು ಸೆರಗು ಸಿಕ್ಕಿಸಿ ಹೇಳುವುದನ್ನೆಲ್ಲ ಹೇಳಿ, ಸಂಜೆಗೆ ಒಂದು ಬಟ್ಟಲು ಸಕ್ಕರೆ ಕೇಳಲು ಬರುತ್ತಾರೆ. ಇಲ್ಲಿ ಗೌಡರು ಒಂದು ಹಲಸಿನಕಾಯಿ ಹೊತ್ತು ತಂದು ಜಗಲಿಯಲ್ಲಿಟ್ಟು, “ಪಲ್ಯಕ್ಕೆ ಒಳ್ಳೆದಾಗ್ತದೆ,” ಎಂದು ಹೇಳಿ, ಹೋಗುವಾಗ ಮೆಲ್ಲಗೆ, “ಗೋಡೆ ಎಲ್ಲ ಸುಮ್ಮನೆ, ಅಲ್ವಾ?” ಎಂದರು. ಇನ್ನೊಂದು ದಿನ ಮುಳ್ಳುಸೌತೆ ತಂದು, “ಬೇಲಿಗೆ ಹೊಸ ಗೂಟ ನಾನೇ ಹಾಕಿಸಿ ಕೊಡ್ತೇನೆ,” ಎಂದರು. ಮತ್ತೊಂದು ದಿನ ಅರ್ಧ ಬಾಳೆಗೊನೆ ಬಂತು. ನಾನೂ ಸೋಲುವವಳಲ್ಲ, ಶೇಂಗಾ ಹೋಳಿಗೆ ಮಾಡಿ ಕಳಿಸಿ, ಗೋಡೆ ಕಟ್ಟಿಸಿಯೇ ಸಿದ್ಧ ಎಂದು ಹೇಳಿದೆ. ದಿನ ಹೋದಂತೆ ಮನಸ್ತಾಪ ಬೆಳೆಯಿತು, ನನ್ನ ಅಡುಗೆಮನೆಯೂ ತುಂಬಿತು.

ಅವರ ವಾದದಲ್ಲಿ ಒಂದು ಮಾತು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. “ಕಟ್ಟುದಾದ್ರೆ ನೀರಿಗೆ ಓಟೆ ಬಿಡಿ.” ಓಟೆ ಎಂದರೆ ತೂತು. ಮಳೆಗಾಲದಲ್ಲಿ ಅವರ ತೋಟದ ನೀರು ನನ್ನ ಜಾಗದ ಮೂಲಕ ಇಳಿದು ಕೆಳಗಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಸೇರುತ್ತದಂತೆ. ಇದೊಂದು ನೆಪ ಎಂದುಕೊಂಡೆ. ನಮ್ಮಲ್ಲಿ ಮಳೆನೀರು ಹೊಲದಿಂದ ಆಚೆ ಹೋದರೆ ಒಡ್ಡು ಸರಿಯಾಗಿ ಹಾಕಲಿಲ್ಲವೆಂದು ಬೈಯುತ್ತಾರೆ. ನೀರು ಹೋಗಲೆಂದು ಗೋಡೆಗೆ ತೂತು ಬಿಡುವ ಮನುಷ್ಯನನ್ನು ನಾನು ಕಂಡವಳಲ್ಲ. ಇವತ್ತು ನೀರಿಗೆ, ನಾಳೆ ಕೋಳಿಗೆ, ನಾಡಿದ್ದು ಆ ದನಕ್ಕೆ.

“ತೂತು ಬಿಟ್ರ ಹಾವು ಬರ್ತಾವ ಗೌಡ್ರ,” ಎಂದೆ.

“ಹಾವಿಗೆ ಗೋಡೆ ಹತ್ಲಿಕ್ಕೂ ಗೊತ್ತುಂಟು ಮಾರಾಯ್ರೆ,” ಎಂದರು.

ಅವರು ತಮ್ಮ ಪರಿಚಯದ ಮೇಸ್ತ್ರಿಯನ್ನು ಕಳಿಸುತ್ತೇನೆಂದರು. ಅವರ ಮೇಸ್ತ್ರಿ ಅವರ ಮಾತು ಕೇಳುತ್ತಾನೆ ಎಂದು ನಾನು ಬೇಡವೆಂದೆ. ಕುಂಬ್ರದಲ್ಲಿ ನಮ್ಮ ಬಾದಾಮಿ ಕಡೆಯ ಯಮನಪ್ಪ ಎಂಬ ಗೌಂಡಿ ಕೆಲಸ ಮಾಡುತ್ತಿರುವುದು ತಿಳಿಯಿತು. ಬೇಸಿಗೆ ರಜೆಯಲ್ಲಿ ಅವನನ್ನು ಕರೆಸಿದೆ. ಬಂದವನೇ “ಆರಾಮದೀರೇನ್ರಿ ಅಕ್ಕಾರ?” ಎಂದ. ಅಷ್ಟು ಕೇಳಿದ್ದಕ್ಕೇ ನನಗೆ ಕಣ್ಣು ತುಂಬಿತು. ಗೋಡೆಯ ವಿಷಯ ಮಾತಾಡುವ ಮೊದಲು ಇಬ್ಬರೂ ಕೂತು ರೊಟ್ಟಿ ತಿಂದು ನಮ್ಮ ಕಡೆಯ ಬಿಸಿಲನ್ನು ಹೊಗಳಿದೆವು. ತೂತಿನ ಮಾತು ತೆಗೆದಾಗ ಅವನು ಕರಣಿಯನ್ನು ಕೆಳಗಿಟ್ಟು ನಕ್ಕ.

“ನೀರ ಹೊರಗ ಬಿಡೂದಾ? ಹುಚ್ಚರೇನ್ರಿ ಇವ್ರು? ಒಂದ್ ಹನಿ ದಾಟದಂಗ ಕಟ್ಟಿ ಕೊಡ್ತೀನಿ, ನೋಡ್ರಿ.”

ಮಾತಿಗೆ ತಪ್ಪಲಿಲ್ಲ. ಕೆಂಪು ಮುರಕಲ್ಲಿನ ಗೋಡೆ, ಎದೆಮಟ್ಟ, ಸಂದುಸಂದಿಗೂ ಸಿಮೆಂಟು. ಒಂದು ತುದಿ ಗುಡ್ಡ ಕಡಿದ ಮಣ್ಣಿನ ದರೆಗೆ, ಇನ್ನೊಂದು ತುದಿ ರಸ್ತೆಯ ಏರಿಗೆ ಗಟ್ಟಿಯಾಗಿ ಕಚ್ಚಿಕೊಂಡಿತು. ತಡಮೆ ಇದ್ದ ಜಾಗದ ಮೇಲೂ ಗೋಡೆ ಹೋಯಿತು. ಆ ದಿನ ಪೂವಕ್ಕ ಆಚೆ ನಿಂತು ನೋಡುತ್ತಿದ್ದರು.

“ಗೇಟ್ ಐತಲ್ಲ ಪೂವಕ್ಕ, ರಸ್ತೆ ಕಡೆ. ಗೇಟಿನಿಂದ ಬರ್ರಿ,” ಎಂದೆ.

“ಗೇಟಿಂದ ಬರ್ಲಿಕ್ಕೆ ನಾನೆಂತ ನೆಂಟಳಾ ಟೀಚರೇ?” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಕೈಯಲ್ಲಿದ್ದ ಬಸಳೆಯ ಕಟ್ಟನ್ನು ಗೋಡೆಯ ಮೇಲಿಟ್ಟು ಒಳಗೆ ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಯ ಮೇಲೆ ತರಕಾರಿ ಮಾತ್ರ ಬಂದು ಕೂರುತ್ತಿತ್ತು. ಈ ಊರಿನಲ್ಲಿ ಮಾತು ಬಿಟ್ಟರೂ ತರಕಾರಿ ಬಿಡುವುದಿಲ್ಲ. ನಾನು ರೊಟ್ಟಿ ಇಟ್ಟರೆ ಪಾತ್ರೆ ತೊಳೆದು ವಾಪಸು ಬರುತ್ತಿತ್ತು, ಪೂವಕ್ಕ ಬರುತ್ತಿರಲಿಲ್ಲ. ಯಜಮಾನರು ಫೋನಿನಲ್ಲಿ “ಈಗ ಬೇಷಾತು ನೋಡು,” ಎಂದರು. ನಾನು ಹೂಂ ಎಂದೆ. ನನ್ನ ಅಂಗಳದಲ್ಲಿ ಈಗ ಯಾರೂ ಹಲ್ಲುಜ್ಜುತ್ತಿರಲಿಲ್ಲ, ಯಾರೂ ಚಾ ಆಯಿತೇ ಎಂದು ಕೇಳುತ್ತಿರಲಿಲ್ಲ. ಆ ಅಚ್ಚುಕಟ್ಟಾದ ಅಂಗಳದಲ್ಲಿ ಒಬ್ಬಳೇ ಕೂತು ನಾನು ಅತ್ತಿದ್ದೂ ಉಂಟು. ವಾರ್ತೆಯವಳ ಸೀರೆಗೆ ಮತ್ತೆ ಹಿಂದಿರುಗಿದೆ.

ಶಾಲೆ ಶುರುವಾಯಿತು, ಮಳೆಯೂ ಶುರುವಾಯಿತು. ರೋಣದವರಿಗೆ ಈ ಮಳೆಯನ್ನು ಹೇಗೆ ವಿವರಿಸಲಿ? ನಮ್ಮಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನೋಡುತ್ತಾರೆ. ಇಲ್ಲಿ ಒಂದು ಕೊಡೆ ಹಿಡಿದು ಶಾಲೆಗೆ ಹೋದರೆ ತಲೆ ಮಾತ್ರ ಒಣಗಿರುತ್ತದೆ, ಅದನ್ನೂ ಅದೃಷ್ಟ ಎನ್ನಬೇಕು. ಒಂದು ದಿನ ಬೆಳಿಗ್ಗೆಯಿಂದ ಹಿಡಿದದ್ದು ಬಿಡಲೇ ಇಲ್ಲ. ಸಂಜೆ ಗೇಟು ತೆರೆದು ಒಳಗೆ ಬಂದವಳು ನಿಂತುಬಿಟ್ಟೆ.

ಗೋಡೆಯಾಚೆ ಕೆರೆಯಾಗಿತ್ತು. ಕೆಂಪು ನೀರು ಈ ತುದಿಯಿಂದ ಆ ತುದಿಯವರೆಗೆ ನಿಂತಿತ್ತು. ಯಮನಪ್ಪ ಹೇಳಿದಂತೆಯೇ ಒಂದು ಹನಿ ಈಚೆ ಬಂದಿರಲಿಲ್ಲ. ನಿಜ ಹೇಳುತ್ತೇನೆ, ಮೊದಲು ನನಗಾದದ್ದು ಸಂತೋಷ. ಅಷ್ಟು ನೀರು ರೋಣದಲ್ಲಿ ನಿಂತಿದ್ದರೆ ಬಾಗಿನ ಕೊಡುತ್ತಿದ್ದೆವು. ಆಮೇಲೆ ಆ ನೀರಿನ ನಡುವೆ ಪೂವಕ್ಕನ ಬಸಳೆ ಚಪ್ಪರ ಒಂದು ಕಡೆಗೆ ವಾಲಿರುವುದು ಕಂಡಿತು. ಚಪ್ಪರದ ಪಕ್ಕ ಚೆನ್ನಪ್ಪ ಗೌಡರು ತೊಡೆಯುದ್ದ ನೀರಿನಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹಾರೆ ಹಿಡಿದು ನಿಂತಿದ್ದರು.

“ಶಾಲೆ ಬಿಟ್ಟಿತಾ ಟೀಚರೇ?” ಎಂದರು.

ನಾನು ಗೋಡೆಯ ಹತ್ತಿರಕ್ಕೆ ಓಡಿದೆ.

“ಒಂದು ಕಲ್ಲು ತೆಗೀಬಹುದಾ ಅಂತ ಕೇಳ್ಲಿಕ್ಕಿತ್ತು. ಮಧ್ಯಾಹ್ನದಿಂದ ನಿಂತಿದ್ದೇನೆ. ನಿಮ್ಮ ಗೋಡೆ ಅಲ್ವಾ? ನೀವು ಇಲ್ಲದಾಗ ಮುಟ್ಟುದು ಹೇಗೆ?”

ಅಷ್ಟು ದಿನ ಒಳಗೆ ತುಂಬಿಕೊಂಡಿದ್ದದ್ದೆಲ್ಲ ಆಗ ಒಡೆಯಿತು. ಕೊಡೆ ಎಸೆದು, ಸೆರಗು ಸಿಕ್ಕಿಸಿ, ಅಪ್ಪಟ ರೋಣದ ಕಂಠದಲ್ಲಿ ಕೂಗಿದೆ. “ಏನ್ರೀ ಗೌಡ್ರ, ನಿಮಗ ತಲಿ ನೆಟ್ಟಗೈತೋ ಇಲ್ಲೋ? ತ್ವಾಟ ಮುಳುಗಾಕ ಹತ್ತೇತಿ, ಹಾರಿ ಹಿಡಕೊಂಡು ಅಪ್ಪಣಿ ಕಾಯ್ತೀರಿ? ನನ್ನ ಗ್ವಾಡಿ ಅಂತ, ಗ್ವಾಡಿ! ಅದೇನ ಗುಡಿ ಏನ್ರಿ? ಒಡೀರಿ ಅದನ್ನ! ಒಡೀರಿ ಅಂದ್ರ ಒಡೀರಿ!”

ಗೌಡರು ಒಂದು ಕ್ಷಣ ಬೆಪ್ಪಾಗಿ ನೋಡಿದರು. ಆಮೇಲೆ ಅವರ ಕೊಡೆಯೂ ಹಾರಿತು. ಮೊದಲು ಬಂದದ್ದು ಅರೆಭಾಷೆಯೋ ತುಳುವೋ ನನಗೆ ಗೊತ್ತಾಗಲಿಲ್ಲ, ಬೈಗುಳ ಎಂದು ಮಾತ್ರ ಗೊತ್ತಾಯಿತು. ಕೊನೆಗೆ ಕನ್ನಡ ಬಂತು. “ಹೇಳ್ಲಿಲ್ವಾ ನಾನು? ಓಟೆ ಬಿಡಿ, ಓಟೆ ಬಿಡಿ ಅಂತ ಬಾಯಿ ನೋವಾಗುವಷ್ಟು ಹೇಳ್ಲಿಲ್ವಾ? ಎಂಥ ಹಟ ಮಾರಾಯ್ರೆ ನಿಮ್ಮದು! ನಾಳೆ ಟ್ರಾನ್ಸ್‌ಫರ್ ಸಿಕ್ಕಿದ್ರೆ ಜಾಗ ಮಾರಿ ಘಟ್ಟ ಹತ್ತಿ ಹೋಗ್ತೀರಿ. ಈ ಗೋಡೆ ಹಿಡ್ಕೊಂಡು ನಾವಿಲ್ಲಿ ಎಂತ ಮಾಡುದು?”

“ಯಾರ ಹೇಳಿದ್ರು ನಿಮಗ ನಾ ಹೋಗ್ತೀನಂತ? ಹೋಗಾಕಿ ಇದ್ರ ಗ್ವಾಡಿ ಯಾಕ ಕಟ್ಟಸ್ತಿದ್ದೆ?”

“ಇರುವವರು ಗೋಡೆ ಎಂತಕ್ಕೆ ಕಟ್ಟುದು?”

ಗೌಡರು ಹಾರೆ ಎತ್ತಿ ತಳದ ಕಲ್ಲಿಗೆ ಹಾಕಿದರು.

ಯಮನಪ್ಪನ ಕೆಲಸ ಗಟ್ಟಿ. ಬಹಳ ಹೊತ್ತು ಒಂದು ಕಲ್ಲೂ ಅಲ್ಲಾಡಲಿಲ್ಲ. ಅಲ್ಲಾಡಿದ ಮೇಲೆ ನೀರೇ ಉಳಿದದ್ದನ್ನು ನೋಡಿಕೊಂಡಿತು. ಒಂದು ಕಲ್ಲಿನ ಹಿಂದೆ ಇನ್ನಷ್ಟು ಕಲ್ಲು ಬಂದವು, ಅವುಗಳ ಹಿಂದೆ ಇಡೀ ಕೆರೆ ಬಂತು. ನನ್ನ ಚಪ್ಪಲಿ, ಪೊರಕೆ, ತುಳಸಿಯ ಕುಂಡ ಎಲ್ಲವೂ ಸಾಲಾಗಿ ತೋಡಿನ ಕಡೆಗೆ ಹೊರಟವು. ಅರ್ಧ ನೀರು ದಾರಿ ತಪ್ಪಿ ಅಡುಗೆಮನೆಗೆ ನುಗ್ಗಿತು. ನಾನು ಮಗ್ಗಿನಲ್ಲಿ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದಾಗ ಹಿಂದಿನಿಂದ ಪೂವಕ್ಕನ ದನಿ ಕೇಳಿಸಿತು.

“ಅಬ್ಬಬ್ಬ, ಎಂಥ ಬೊಬ್ಬೆ ಮಾರಾಯ್ತಿ! ಪಂಜ ಪೇಟೆಗೆ ಕೇಳಿರ್ತದೆ. ಸರೀರಿ ಆಚೆ, ಅದು ಮಗ್ಗಿನಲ್ಲಿ ಹೋಗುವ ನೀರಾ?”

ಗೋಡೆಯ ಬಾಯಿಯಿಂದಲೇ ನುಗ್ಗಿ ಬಂದಿದ್ದರು. ಸೀರೆ ಎತ್ತಿ ಕಟ್ಟಿ, ಹಿಡಿಸೂಡಿ ಹಿಡಿದು, ನನ್ನನ್ನು ಬೈಯುತ್ತ ಬೈಯುತ್ತ ನೀರು ಗುಡಿಸಿದರು. ಅಷ್ಟು ಚೆನ್ನಾಗಿ ನನ್ನನ್ನು ಅಲ್ಲಿಯವರೆಗೆ ಆ ಊರಿನಲ್ಲಿ ಯಾರೂ ಬೈದಿರಲಿಲ್ಲ. ನನ್ನ ಜೀವ ತಣ್ಣಗಾಯಿತು. ಗೌಡರು ಜಗಲಿಯಲ್ಲಿ ಕುಳಿತು ಚಹಾ ಕೇಳಿದರು.

ಈಗ ಗೋಡೆ ಇದೆ. ತಳದಲ್ಲಿ ಉದ್ದಕ್ಕೂ ಓಟೆಗಳಿವೆ, ಅವನ್ನು ಗೌಡರ ಮೇಸ್ತ್ರಿಯೇ ಕೊರೆದ. ಒಡೆದ ಜಾಗವನ್ನು ಮುಚ್ಚಿಸುವ ಮಾತು ಆಗಾಗ ಬರುತ್ತದೆ. ಗೌಡರು “ನೋಡುವ,” ಎನ್ನುತ್ತಾರೆ, ನಾನೂ “ನೋಡುವ,” ಎನ್ನುತ್ತೇನೆ. ಇಲ್ಲಿ ನೋಡುವ ಎಂದರೆ ಆಗುವುದಿಲ್ಲ ಎಂದರ್ಥ, ಅದನ್ನೂ ಕಲಿತಿದ್ದೇನೆ. ಆ ಸಂಜೆಯ ನಂತರ ಊರಿನಲ್ಲಿ ನನಗೊಂದು ಹೆಸರಾಗಿದೆ. ಕಡಬಕ್ಕೆ ಹೋಗುವ ಬಸ್ಸಿನಲ್ಲಿ ಗುರುತಿಲ್ಲದವರು ಕೂಡ ಬೊಬ್ಬೆ ಹಾಕಿದ ಟೀಚರಲ್ಲವೇ ಎಂದು ಸೀಟು ಕೊಡುತ್ತಾರೆ.

ದಸರಾ ರಜೆಗೆ ರೋಣಕ್ಕೆ ಹೋಗಿದ್ದೆ. ನಮ್ಮಣ್ಣ ಟ್ರ್ಯಾಕ್ಟರ್ ಕೊಂಡಿದ್ದ. ಅದಕ್ಕೆ ತಗಡಿನ ಶೆಡ್ಡನ್ನು ತವರುಮನೆಯಲ್ಲಿ ನನಗೆಂದು ಬಿಟ್ಟಿದ್ದ ಕೋಣೆಯ ಕಿಟಕಿಗೆ ಅಡ್ಡವಾಗಿ ಹಾಕಿಸುತ್ತೇನೆಂದ. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆದೆ. “ಹಾಕ್ಸು, ಹಾಕ್ಸು. ಆದ್ರ ಯಾಕ?” ಎಂದೆ. ಆಮೇಲೆ ಪಂಜದಿಂದ ಒಯ್ದಿದ್ದ ಹಲಸಿನ ಹಪ್ಪಳ ಕರಿದು ಅವನ ಮುಂದಿಟ್ಟು, “ನೋಡೋಣ,” ಎಂದೆ. ಅವನು ಹಪ್ಪಳ ತಿಂದ, ಚಲೋ ಅದಾವ ಎಂದ, ಮರುದಿನ ಶೆಡ್ಡು ಹಾಕಿಸಿದ. ನಾನು ಅಷ್ಟೆಲ್ಲ ಜಗಳವಾಡಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಸಂಜೆ ಪೂವಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ.

“ನಮ್ಮವರಿಗೆ ಬೊಬ್ಬೆ ಹಾಕಿದ ಹಾಗೆ ಹಾಕ್ಲಿಕ್ಕೆ ಆಗ್ಲಿಲ್ವಾ ನಿಮಗೆ?”

“ಆಗ್ಲಿಲ್ಲ ಪೂವಕ್ಕ.”

ಪೂವಕ್ಕ ಹೇಳಿದರು, “ಬೇಗ ಹೊರಟು ಬನ್ನಿ. ಇವರು ನಿಮ್ಮ ಗೋಡೆಗೆ ತಾಗಿಸಿ ಈ ವರ್ಷದ ಸೌದೆ ಪೂರಾ ಒಟ್ಟಿದ್ದಾರೆ. ಬೇಡ ಅಂದ್ರೂ ಕೇಳ್ಲಿಲ್ಲ. ಬಂದು ನಾಲ್ಕು ಬೈಯಿರಿ.”

ಮರುದಿನ ಬೆಳಗಿನ ಬಸ್ಸು ಹತ್ತಿದೆ. ಹುಬ್ಬಳ್ಳಿ ದಾಟುವವರೆಗೆ ಅಣ್ಣನಿಗೆ ಹೇಳಬೇಕಿದ್ದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ, ಒಂದೂ ಕೂಡಿಬರಲಿಲ್ಲ. ಆಮೇಲೆ ಚೆನ್ನಪ್ಪ ಗೌಡರನ್ನು ಬೈಯಬೇಕಾದದ್ದನ್ನು ನೆನೆಸಿಕೊಂಡೆ. ಎಲ್ಲವೂ ತಾನಾಗಿ ಬಂತು, ಸ್ವಲ್ಪ ಜೋರಾಗಿಯೇ ಬಂದಿರಬೇಕು, ಪಕ್ಕದ ಸೀಟಿನವರು ತಿರುಗಿ ನೋಡಿದರು.